ಮಾಜಿ ಸೈನಿಕರ ಆರೋಗ್ಯ: ಸೇನೆಗೆ ಸೇರುವ ಮುಂಚಿನ ಹಿಂಸೆಯನ್ನೂ ಮರಳಿದ ಮೇಲಿನ ಹಿಂಸೆಯನ್ನೂ ಯಾರು ಕೇಳುತ್ತಾರೆ?

ಶುಶ್ರೂಷಕಿ (ಚರ್ಚೆ ಆರಂಭಿಸಿದವರು)

ಮಾಜಿ ಸೈನಿಕರ ತಪಾಸಣೆಯ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನಾನು, ಬಹಳ ದಿನಗಳಿಂದ ಮನಸ್ಸಿನಲ್ಲಿರುವ ಒಂದು ವಿಷಯವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಹೊಸದಾಗಿ ಬಂದವರಿಗೆ ನಾವು ಕೇಳುವ ಪ್ರಶ್ನೆಗಳೆಲ್ಲ ಸೇವೆಯ ಅವಧಿಗೆ ಸೇರಿದವು. ಎಲ್ಲಿ ಡ್ಯೂಟಿ ಮಾಡಿದಿರಿ, ಗುಂಡಿನ ಕಾಳಗದಲ್ಲಿ ಇದ್ದಿರಾ, ಸ್ಫೋಟದ ಹತ್ತಿರ ಇದ್ದಿರಾ, ಜೊತೆಯವರು ಸತ್ತದ್ದನ್ನು ಕಂಡಿರಾ ಎಂದು ಕೇಳುತ್ತೇವೆ. ಸೇನೆಗೆ ಸೇರುವ ಮುಂಚೆ ಮನೆಯಲ್ಲಿ ಅಥವಾ ಬೀದಿಯಲ್ಲಿ ಏನನ್ನು ಕಂಡಿದ್ದರು, ಈಗ ಅವರು ಬದುಕುತ್ತಿರುವ ಜಾಗದಲ್ಲಿ ರಾತ್ರಿ ಏನು ನಡೆಯುತ್ತದೆ ಎಂಬುದನ್ನು ಕೇಳುವ ಒಂದು ಸಾಲೂ ನಮ್ಮ ಫಾರ್ಮಿನಲ್ಲಿ ಇಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಐವತ್ತರ ಆಸುಪಾಸಿನವರು. ಕುರ್ಚಿಗಳು ಖಾಲಿಯಿದ್ದರೂ ಕೂರದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಒಳಗೆ ಕರೆದಾಗ ಬಾಗಿಲಿಗೆ ಬೆನ್ನಾಗುವಂತೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿದರು. ಹಿಂದಿನಿಂದ ಬಂದ ಸಹೋದ್ಯೋಗಿ ಮಾತಾಡದೆಯೇ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಪಟ್ಟಿ ಬಿಗಿಯಾಗುತ್ತಿದ್ದಂತೆ ಇವರ ದವಡೆ ಬಿಗಿಯಿತು, ಇನ್ನೊಂದು ಕೈ ಮೇಜಿನ ಅಂಚನ್ನು ಹಿಡಿಯಿತು. ಯಂತ್ರ 168/104 ತೋರಿಸಿತು. ಕುರ್ಚಿ ತಿರುಗಿಸಿ, ಬಾಗಿಲು ಕಾಣುವಂತೆ ಕೂರಿಸಿ, ಏನು ಮಾಡಲಿದ್ದೇವೆಂದು ಮೊದಲೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 142/90 ಇತ್ತು. ಆಗಲೂ ಅದು ಹೆಚ್ಚೇ, ಅವರಿಗೆ ಔಷಧಿ ಬೇಕೇ ಬೇಕು. ಆದರೆ ಮಾತ್ರೆಯ ಪ್ರಮಾಣ ಏರಿಸಬೇಕೆಂದು ಮತ್ತೆ ಮತ್ತೆ ಬರೆದಿದ್ದ ಆ ಫೈಲಿನಲ್ಲಿ, ಹುಡುಗನಾಗಿದ್ದಾಗ ಮನೆಯ ಮುಂದೆಯೇ ಅಣ್ಣನನ್ನು ಇರಿದು ಕೊಂದದ್ದನ್ನು ಅವರು ಕಣ್ಣಾರೆ ಕಂಡಿದ್ದರೆಂಬ ಸಂಗತಿ ಎಲ್ಲಿಯೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿರಲೂ ಇಲ್ಲ.

ಇದು ಒಬ್ಬಿಬ್ಬರ ಕಥೆಯಲ್ಲ ಎನ್ನಲು ಆಧಾರವಿದೆ. ಬಾಲ್ಯದಲ್ಲಿ ಹಿಂಸೆ ಮತ್ತು ನಿರ್ಲಕ್ಷ್ಯ ಅನುಭವಿಸಿದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಖಿನ್ನತೆ, ಕುಡಿತದ ಚಟ ಎಲ್ಲವೂ ಹೆಚ್ಚು ಎಂಬುದನ್ನು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ತಂಡ 1998ರಲ್ಲಿಯೇ ತೋರಿಸಿತು. ಅಮೆರಿಕದಲ್ಲಿ 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತ ಬಳಿಕ ಸ್ವಇಚ್ಛೆಯಿಂದ ಸೇನೆಗೆ ಸೇರಿದ ಗಂಡಸರಲ್ಲಿ ಇಂಥ ಬಾಲ್ಯಾನುಭವಗಳು ಸೇನೆಗೆ ಸೇರದ ಗಂಡಸರಿಗಿಂತ ಹೆಚ್ಚಾಗಿದ್ದವು ಎಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಕಡ್ಡಾಯ ಭರ್ತಿಯ ಕಾಲದವರಲ್ಲಿ ಈ ಅಂತರ ಅಷ್ಟಾಗಿ ಕಾಣಲಿಲ್ಲ. ಕೆಲವರಿಗಾದರೂ ಸೇನೆ ಎಂದರೆ ಹಿಂಸೆಯ ಮನೆಯಿಂದ ಹೊರಬೀಳುವ ದಾರಿಯಾಗಿತ್ತು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಸೇನೆಗೆ ಮುಂಚಿನ, ಸೇವೆಯ, ಮರಳಿದ ಮೇಲಿನ ಈ ಮೂರೂ ಕಾಲಗಳನ್ನು ಒಟ್ಟಿಗೆ ಕೇಳದೆ ಚಿಕಿತ್ಸೆ ಕೊಡುವುದು ಸರಿಯೇ? ನಿಮ್ಮ ಅನುಭವ, ಆಕ್ಷೇಪ ಎರಡನ್ನೂ ಬರೆಯಿರಿ.

ಮಾಜಿ ಸೈನಿಕ

ಮೇಡಂ, ನಿಮ್ಮ ಕಾಳಜಿಯ ಬಗ್ಗೆ ಗೌರವವಿದೆ. ಆದರೂ ನನ್ನ ಆಕ್ಷೇಪವನ್ನು ನೇರವಾಗಿಯೇ ಹೇಳುತ್ತೇನೆ. ನಾನು ಬಾಲ್ಯದಲ್ಲಿ ಏನು ಕಂಡೆ ಎಂಬುದು ನನ್ನ ಆಸ್ಪತ್ರೆಯ ಕಡತದಲ್ಲಿ ಒಮ್ಮೆ ಬರೆದಾಯಿತೆಂದರೆ, ನಾಳೆ ಅಂಗವೈಕಲ್ಯ ಪಿಂಚಣಿಯ ಅರ್ಜಿ ಹಾಕಿದಾಗ ಮೇಜಿನ ಆಚೆ ಕೂತವರು ಅದೇ ಹಾಳೆಯನ್ನು ತೋರಿಸಿ, 'ಇದು ಸೇವೆಯಿಂದ ಬಂದ ಕಾಯಿಲೆಯಲ್ಲ, ನಿಮಗೆ ಮೊದಲೇ ಇತ್ತು' ಎಂದು ಹೇಳುವುದಿಲ್ಲ ಎಂಬುದಕ್ಕೆ ಯಾರು ಹೊಣೆ? ಇದು ಕೇವಲ ಅನುಮಾನವಲ್ಲ. ಮೊದಲನೇ ಮಹಾಯುದ್ಧದ ಕಾಲದಿಂದಲೂ ಮನಸ್ಸು ನೊಂದ ಸೈನಿಕನಿಗೆ 'ನಿನ್ನ ಸ್ವಭಾವವೇ ದುರ್ಬಲ' ಎಂಬ ಮಾತನ್ನು ಹೇಳುತ್ತಲೇ ಬಂದಿದ್ದಾರೆ.

ಇನ್ನೊಂದು ಮಾತು. ಇಂಥ ಚರ್ಚೆಗಳನ್ನು ಓದಿದ ಸಾಮಾನ್ಯ ಜನ ಮಾಜಿ ಸೈನಿಕ ಎಂದರೆ ಯಾವಾಗ ಸಿಡಿಯುತ್ತಾನೋ ಎಂದು ಹೆದರುವ ಹಾಗಾಗುತ್ತದೆ. ಬಾಡಿಗೆಗೆ ಮನೆ ಕೊಡುವವರು, ಕೆಲಸ ಕೊಡುವವರು ಹಿಂಜರಿಯುತ್ತಾರೆ. ನಮ್ಮಲ್ಲಿ ಬಹುಪಾಲು ಮಂದಿ ಯಾರಿಗೂ ತೊಂದರೆ ಕೊಡದೆ ಬದುಕುತ್ತಿದ್ದೇವೆ ಎಂಬುದನ್ನು ದಯವಿಟ್ಟು ಪ್ರತಿ ಸಲವೂ ಬರೆಯಿರಿ.

ಮನೋವೈದ್ಯೆ

ಮಾಜಿ ಸೈನಿಕರ ಎರಡೂ ಆಕ್ಷೇಪಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎರಡನೆಯದನ್ನು ಮೊದಲು ಒಪ್ಪಿಬಿಡುತ್ತೇನೆ: ಆಘಾತ ಅನುಭವಿಸಿದವರಲ್ಲಿ ಹೆಚ್ಚಿನವರು ಹಿಂಸೆಗೆ ಇಳಿಯುವುದಿಲ್ಲ, ಅವರಿಂದ ಇತರರಿಗೆ ಆಗುವ ಅಪಾಯಕ್ಕಿಂತ ಅವರಿಗೆ ಅವರಿಂದಲೇ ಆಗುವ ಅಪಾಯ ದೊಡ್ಡದು.

ಮೊದಲನೆಯದಕ್ಕೆ ಇತಿಹಾಸದ ಹಿನ್ನೆಲೆ ಇದೆ. ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತ, ಉಸಿರುಕಟ್ಟುವಿಕೆ, ಆಯಾಸಗಳನ್ನು ಜೇಕಬ್ ಡ ಕೋಸ್ಟಾ 1871ರಲ್ಲಿ ಹೃದಯದ ತೊಂದರೆಯೆಂದು ವಿವರಿಸಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' (ಯುದ್ಧದಲ್ಲಿ ಸೈನಿಕರ ಮನಸ್ಸಿಗೆ ಆಗುವ ಆಘಾತಕ್ಕೆ ಆಗಿನ ಹೆಸರು) ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1980ರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ವಿಯೆಟ್ನಾಂನಿಂದ ಮರಳಿದವರು ಮತ್ತು ಅವರ ಪರವಾಗಿ ನಿಂತ ವೈದ್ಯರು ಪಟ್ಟುಹಿಡಿದು ಹೋರಾಡದಿದ್ದರೆ ಅದು ಆಗುತ್ತಿರಲಿಲ್ಲ. ಕಾಯಿಲೆಗೆ ಕಾರಣ ವ್ಯಕ್ತಿಯ ದೌರ್ಬಲ್ಯವಲ್ಲ, ಅವನಿಗೆ ಒದಗಿದ ಘಟನೆ ಎಂದು ಒಪ್ಪಿಸಲು ಅಷ್ಟು ಕಾಲ ಹಿಡಿಯಿತು. ಈಗ ಬಾಲ್ಯದ ಮಾತು ಎತ್ತಿದರೆ ಆ ಗೆಲುವು ಕೈಜಾರೀತು ಎಂಬ ಭಯ ಸಹಜವಾದದ್ದು. ಆದರೆ ಹಳೆಯ ಪೆಟ್ಟು ಇದ್ದವನಿಗೆ ಹೊಸ ಪೆಟ್ಟು ಬಿದ್ದರೆ ಹೊಸ ಪೆಟ್ಟಿನ ಹೊಣೆ ಕಡಿಮೆಯಾಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ, ಭರ್ತಿಯ ಸಮಯದಲ್ಲಿ ದಾಖಲಾಗದ ದೋಷಗಳ ವಿಷಯದಲ್ಲಿ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು ಎಂಬ ನಿಯಮವಿದೆ. ಮೊದಲೇ ಇದ್ದ ತೊಂದರೆ ಸೇವೆಯಿಂದ ಉಲ್ಬಣಿಸಿದರೆ ಅದಕ್ಕೂ ಪರಿಹಾರವಿದೆ. ಎಲ್ಲ ದೇಶಗಳಲ್ಲೂ ಇಷ್ಟು ಸ್ಪಷ್ಟವಾದ ನಿಯಮವಿಲ್ಲದಿರಬಹುದು. ಹಾಗಾಗಿ ಚಿಕಿತ್ಸೆಗಾಗಿ ಬರೆದುಕೊಂಡದ್ದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ರೋಗಿಗೆ ಮೊದಲೇ ಹೇಳಬೇಕು, ಆತ ಬೇಡವೆಂದರೆ ಬರೆಯಬಾರದು.

ದೇಹದ ವಿಷಯಕ್ಕೆ ಬರುತ್ತೇನೆ. ಬಾಲ್ಯ ಮತ್ತು ಯುದ್ಧ ಎರಡರ ಪಾಲನ್ನು ಬೇರ್ಪಡಿಸಲು ಅವಳಿ ಸಹೋದರರ ಅಧ್ಯಯನಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ, ಏಕೆಂದರೆ ಅವರು ಬೆಳೆದ ಮನೆಯೂ ಒಂದೇ, ಬೀದಿಯೂ ಒಂದೇ. ವಿಯೆಟ್ನಾಂ ಕಾಲದಲ್ಲಿ ಸೇನೆಯಲ್ಲಿದ್ದ, ಆರಂಭದಲ್ಲಿ ಹೃದ್ರೋಗವಿಲ್ಲದ 562 ಮಂದಿ ಅವಳಿ ಸಹೋದರರನ್ನು ಹಲವು ವರ್ಷ ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಟಿಎಸ್‌ಡಿ ಇದ್ದವರಲ್ಲಿ ಶೇ. 22.6ರಷ್ಟು ಮಂದಿಗೂ ಇಲ್ಲದವರಲ್ಲಿ ಶೇ. 8.9ರಷ್ಟು ಮಂದಿಗೂ ಹೃದಯದ ರಕ್ತನಾಳಗಳ ಕಾಯಿಲೆ ಬಂದಿತ್ತು. ಒಬ್ಬನಿಗೆ ಪಿಟಿಎಸ್‌ಡಿ ಇದ್ದು ಅವನ ಅವಳಿ ಸಹೋದರನಿಗೆ ಇಲ್ಲದಿದ್ದ ಜೋಡಿಗಳನ್ನಷ್ಟೇ ಹೋಲಿಸಿದಾಗ ಅಂತರ ಕಿರಿದಾಯಿತು, ಆದರೆ ಇಲ್ಲವಾಗಲಿಲ್ಲ. ಹುಟ್ಟಿಬೆಳೆದ ಮನೆ ತನ್ನ ಪಾಲನ್ನು ತಂದಿರುತ್ತದೆ, ನಂತರದ ಆಘಾತವೂ ತನ್ನ ಪಾಲನ್ನು ಸೇರಿಸುತ್ತದೆ ಎಂದು ನಾನು ಇದರಿಂದ ತಿಳಿಯುತ್ತೇನೆ.

ಇದು ನಡೆಯುವ ಬಗೆಯೂ ಸಾಕಷ್ಟು ಗೊತ್ತಿದೆ. ಅಪಾಯ ಎದುರಾದಾಗ ಏರಬೇಕಾದ ಅಡ್ರಿನಲಿನ್ ಅಪಾಯ ಕಳೆದ ಮೇಲೂ ಇಳಿಯದೆ ಉಳಿದರೆ ನಾಡಿ, ರಕ್ತದೊತ್ತಡ ಏರಿಯೇ ಇರುತ್ತವೆ, ರಕ್ತನಾಳದ ಒಳಪದರ ಸವೆಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಂಥವರಲ್ಲಿ ಹೆಚ್ಚಿರುತ್ತದೆಂದು ಎಲ್ಲರೂ ಭಾವಿಸಿದ್ದರು. ರೇಚಲ್ ಯೆಹುದಾ ಅವರ ತಂಡ ಹಲವರಲ್ಲಿ ಅದು ಕಡಿಮೆಯಿರುವುದನ್ನು ಕಂಡಿತು. ಕಾರ್ಟಿಸಾಲ್‌ನ ಒಂದು ಕೆಲಸ ಎಚ್ಚರದ ಪ್ರತಿಕ್ರಿಯೆಯನ್ನು ತಗ್ಗಿಸಿ ನಿಲ್ಲಿಸುವುದು. ಹಾಗಾಗಿ ಅದು ಕಡಿಮೆಯಿದ್ದರೆ ಆ ಎಚ್ಚರ ಬೇಗ ಇಳಿಯದಿರಬಹುದು. ಇವುಗಳ ಮೇಲೆ ನಿದ್ದೆಗೇಡು, ಸಿಗರೇಟು, ಕುಡಿತ, ಹಳೆಯ ಗಾಯದ ನೋವು ಸೇರುತ್ತವೆ. ಮನೆಯಿಂದ ಹೊರಗೆ ಹೋಗಲು ಅಂಜುವವನಿಗೆ ದಿನವೂ ನಡೆಯಿರಿ ಎಂಬ ಸಲಹೆ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಸಕ್ಕರೆ ಕಾಯಿಲೆಯ ವೈದ್ಯರೂ ಯೋಚಿಸಬೇಕು.

ಸೈನಿಕರೊಬ್ಬರ ಪತ್ನಿ

ಡಾಕ್ಟರೇ, ನನ್ನದೊಂದು ಪ್ರಶ್ನೆ. ನಮ್ಮವರು ಸೇನೆ ಬಿಟ್ಟು ಬಹಳ ವರ್ಷಗಳಾದವು. ಪ್ರತಿ ರಾತ್ರಿ ಮುಂಬಾಗಿಲ ಚಿಲಕ, ಹಿಂಬಾಗಿಲ ಚಿಲಕ, ಕಿಟಕಿಗಳು, ಮತ್ತೆ ಮುಂಬಾಗಿಲು ಎಂದು ಸುತ್ತು ಹಾಕುತ್ತಾರೆ. ನಡುರಾತ್ರಿ ಎದ್ದು ಕತ್ತಲಲ್ಲಿಯೇ ಕಿಟಕಿಯ ಪರದೆಯನ್ನು ಒಂದು ಬೆರಳಷ್ಟು ಸರಿಸಿ ಹೊರಗೆ ನೋಡುತ್ತ ನಿಲ್ಲುತ್ತಾರೆ. ಇದು ಕಾಯಿಲೆಯ ಲಕ್ಷಣ, ಕಡಿಮೆ ಮಾಡಿಕೊಳ್ಳಬೇಕು ಎಂದು ಕೌನ್ಸೆಲಿಂಗ್‌ನಲ್ಲಿ ಹೇಳಿದರು. ಆದರೆ ನಾವಿರುವ ಬೀದಿಯಲ್ಲಿ ಹೊಡೆದಾಟ ಹೊಸದಲ್ಲ. ಎದುರುಮನೆಗೆ ನುಗ್ಗಿ ಮನೆಯವರನ್ನು ಹೊಡೆದು ಹೋಗಿದ್ದಾರೆ. ಹಾಗಿರುವಾಗ ಅವರ ಎಚ್ಚರವನ್ನು ಕಾಯಿಲೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅವರು ಎದ್ದಿದ್ದಾರೆ ಎಂಬ ಧೈರ್ಯದಲ್ಲಿ ನಾನು ನಿದ್ದೆ ಮಾಡುತ್ತೇನೆ. ಮನೆ ಬದಲಿಸುವಷ್ಟು ಅನುಕೂಲ ನಮಗಿಲ್ಲ. ಇಂಥವರಿಗೆ ನಿಮ್ಮ ಚಿಕಿತ್ಸೆಯಲ್ಲಿ ಏನಿದೆ?

ಮನೋವೈದ್ಯೆ

ಈ ಚರ್ಚೆಯ ತಿರುಳು ನಿಮ್ಮ ಪ್ರಶ್ನೆಯಲ್ಲಿದೆ ಅಮ್ಮಾ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಪಿಟಿಎಸ್‌ಡಿಗೆ ಒಳ್ಳೆಯ ಆಧಾರವಿರುವ ಚಿಕಿತ್ಸೆಗಳು ಮಾತಿನ ಚಿಕಿತ್ಸೆಗಳೇ. ಎಡ್ನಾ ಫೋವಾ ರೂಪಿಸಿದ, ನೆನಪನ್ನು ಮತ್ತು ತಪ್ಪಿಸಿಕೊಳ್ಳುವ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವ ವಿಧಾನ; ಪೆಟ್ರೀಷಿಯಾ ರೆಸಿಕ್ ಅವರ, ಸಾಮಾನ್ಯವಾಗಿ 12 ಭೇಟಿಗಳಲ್ಲಿ ಆಲೋಚನೆಗಳನ್ನು ಪರಿಶೀಲಿಸುವ ವಿಧಾನ; ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್. ಈ ಮೂರನ್ನೂ ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆಯ 2023ರ ಮಾರ್ಗಸೂಚಿ ಮಾತ್ರೆಗಳಿಗಿಂತ ಮೊದಲು ಶಿಫಾರಸು ಮಾಡುತ್ತದೆ. ನಿದ್ದೆ ಬರಲೆಂದು ಕೊಡುವ ಬೆಂಜೋಡಯಾಜೆಪಿನ್ ಗುಂಪಿನ ಮಾತ್ರೆಗಳು ಈ ಕಾಯಿಲೆಗೆ ಬೇಡವೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಅವೇ ಮಾತ್ರೆಗಳು ನಡೆಯುತ್ತಿವೆ ಎಂಬುದು ನನಗೆ ಬೇಸರ ತರುವ ಸಂಗತಿ. ಆದರೆ ಯಾರೂ ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ನಿಧಾನವಾಗಿ, ವೈದ್ಯರ ಕಣ್ಣೆದುರೇ ಇಳಿಸಬೇಕು.

ಈ ಚಿಕಿತ್ಸೆಗಳ ಹಿಂದೆ ಒಂದು ಊಹೆಯಿದೆ: ಅಪಾಯ ಮುಗಿದಿದೆ, ದೇಹಕ್ಕೆ ಅದು ಇನ್ನೂ ಗೊತ್ತಾಗಿಲ್ಲ. ರಣರಂಗದಿಂದ ಸುರಕ್ಷಿತ ಊರಿಗೆ ಮರಳಿದವನ ಮಟ್ಟಿಗೆ ಈ ಊಹೆ ಸರಿ. ನಿಮ್ಮ ಬೀದಿಯಂಥ ಬೀದಿಗೆ ಮರಳಿದವನಿಗೆ ಅದು ಅರ್ಧವಷ್ಟೇ ಸರಿ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯ ಕಾಲದಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿಯೇ ಇದನ್ನು ಗುರುತಿಸಿದರು. ಅವರ ಬಳಿ ಬರುತ್ತಿದ್ದವರು ಚಿಕಿತ್ಸೆ ಮುಗಿಸಿ ಅದೇ ಹಿಂಸೆಗೆ ಮರಳುತ್ತಿದ್ದರು. ಆದ್ದರಿಂದ ಮುಗಿದುಹೋದ ಆಘಾತದ ಮಾತನ್ನು ಬಿಟ್ಟು, ನಿರಂತರವಾಗಿ ನಡೆಯುತ್ತಿರುವ ಆಘಾತದ ಒತ್ತಡ ಎಂಬ ವಿಚಾರವನ್ನು ಅವರು ಮುಂದಿಟ್ಟರು.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ನಾನು ಮಾಡುವುದು ಹೀಗೆ. ರೋಗಿಯ ಜೊತೆ ಕೂತು, ಅವರು ಹೆದರುವ ಅಥವಾ ತಪ್ಪಿಸುವ ಪ್ರತಿಯೊಂದು ಸನ್ನಿವೇಶಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದೇ ಬೀದಿಯಲ್ಲಿ ಹುಟ್ಟಿಬೆಳೆದ, ಸೇನೆಗೆ ಹೋಗದ, ವಿವೇಕವಿರುವ ನೆರೆಯವರು ಏನು ಮಾಡುತ್ತಾರೆ? ಅವರೂ ರಾತ್ರಿ ಚಿಲಕ ಹಾಕುತ್ತಾರೆ, ಕತ್ತಲಾದ ಮೇಲೆ ಆ ತಿರುವಿನಲ್ಲಿ ನಡೆಯುವುದಿಲ್ಲ ಎಂದಾದರೆ ನಿಮ್ಮವರೂ ಹಾಗೆ ಮಾಡುವುದು ಜಾಣತನ, ಅದನ್ನು ನಾನು ಮುಟ್ಟುವುದಿಲ್ಲ. ಒಮ್ಮೆ ಹಾಕಿದ ಚಿಲಕವನ್ನು ಐದನೇ ಸಲ ನೋಡುವುದು, ಹಾಡುಹಗಲಲ್ಲಿಯೂ ಮಕ್ಕಳ ಶಾಲೆಯ ಸಭೆಗೆ ಹೋಗದಿರುವುದು, ಕಿಟಕಿಯ ಬಳಿ ನಿಂತೇ ಬೆಳಗು ಮಾಡುವುದು, ಇವು ಸುರಕ್ಷತೆಗೆ ಏನನ್ನೂ ಸೇರಿಸುವುದಿಲ್ಲ, ಆರೋಗ್ಯದಿಂದ ಬಹಳಷ್ಟನ್ನು ಕಳೆಯುತ್ತವೆ. ಕೆಲಸ ಮಾಡಬೇಕಾದದ್ದು ಇವುಗಳ ಮೇಲೆ. ಈ ಗೆರೆಯನ್ನು ಎಳೆಯಲು ಚಿಕಿತ್ಸಕರಿಗೆ ರೋಗಿಯ ಬೀದಿ ಗೊತ್ತಿರಬೇಕು. ಅದನ್ನು ಕೇಳದೆಯೇ 'ಎಚ್ಚರ ಕಡಿಮೆ ಮಾಡಿ' ಎಂದರೆ ರೋಗಿ ಮತ್ತೆ ಬರುವುದಿಲ್ಲ, ಬಾರದಿರುವುದು ಸರಿಯೂ ಹೌದು.

ಹಲವು ಕಾಲದ ಹಿಂಸೆ ಒಬ್ಬರಲ್ಲಿಯೇ ಕೂಡಿದಾಗ ನನಗೆ ಹೆಚ್ಚು ನೆರವಾಗಿರುವುದು ಕಥನದ ಮೂಲಕ ಎದುರಿಸುವ ಚಿಕಿತ್ಸೆ. ಮ್ಯಾಗಿ ಶೌವರ್, ಫ್ರಾಂಕ್ ನ್ಯೂನರ್, ಥಾಮಸ್ ಎಲ್ಬರ್ಟ್ ಅದನ್ನು ಯುದ್ಧಪೀಡಿತರಿಗಾಗಿಯೇ ರೂಪಿಸಿದರು. ಪೂರ್ವ ಕಾಂಗೋದ ಮಾಜಿ ಹೋರಾಟಗಾರರಿಗೂ ಅದನ್ನು ಮಾರ್ಪಡಿಸಿ ಬಳಸಿದ್ದಾರೆ. ನೆಲದ ಮೇಲೆ ಒಂದು ಹಗ್ಗ ಹಾಸುತ್ತೇವೆ. ಅದು ಹುಟ್ಟಿನಿಂದ ಇಂದಿನವರೆಗಿನ ಬದುಕು. ಒಳ್ಳೆಯದಾದ ಕಡೆ ಒಂದು ಹೂವು, ಕೆಟ್ಟದ್ದಾದ ಕಡೆ ಒಂದು ಕಲ್ಲು ಇಡಬೇಕು. ಯುದ್ಧದ ಬಗ್ಗೆ ಮಾತಾಡಲೆಂದೇ ಬಂದವರು ಸೇವೆಯ ಭಾಗವನ್ನು ಬೇಗ ಮುಗಿಸಿ, ಹಗ್ಗದ ಆರಂಭದ ಗೇಣುದ್ದದಲ್ಲಿ ಕಲ್ಲಿನ ಪಕ್ಕ ಕಲ್ಲು ಇಡುವುದನ್ನು ನಾನು ಕಂಡಿದ್ದೇನೆ. ಸೇವೆಯ ವರ್ಷಗಳಲ್ಲಿ ಹೂವುಗಳಿರುತ್ತವೆ: ಜೊತೆಗಾರರು, ಹೊತ್ತಿಗೆ ಸರಿಯಾಗಿ ಊಟ, ತನ್ನದೆಂಬ ಹಾಸಿಗೆ. ಶುಶ್ರೂಷಕಿಯವರು ಬರೆದ 'ಹೊರಬೀಳುವ ದಾರಿ' ಎಂಬ ಮಾತು ಆ ಹಗ್ಗದ ಮೇಲೆ ಕಣ್ಣಿಗೇ ಕಾಣುತ್ತದೆ.

ಸಂಶೋಧನಾ ವಿದ್ಯಾರ್ಥಿನಿ

ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಗಂಡಸರ ಬಗ್ಗೆಯೇ ಬರೆದಿದ್ದೀರಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ಆಗಿತ್ತೇ ಎಂದು ಕೇಳಿದಾಗ ಸುಮಾರು ಮೂವರು ಮಹಿಳೆಯರಲ್ಲಿ ಒಬ್ಬರು, ಐವತ್ತು ಗಂಡಸರಲ್ಲಿ ಒಬ್ಬರು ಹೌದು ಎನ್ನುತ್ತಾರೆ. ಅಂದರೆ ಸೇವೆಯ ಕಾಲದ ಹಿಂಸೆ ಶತ್ರುವಿನಿಂದಲೇ ಬಂದಿರಬೇಕೆಂದಿಲ್ಲ, ಪಕ್ಕದ ಹಾಸಿಗೆಯಿಂದಲೂ ಬಂದಿರಬಹುದು. 'ಯುದ್ಧ ಕಂಡಿದ್ದೀರಾ' ಎಂಬ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಿದವರಿಗೆ ಆಘಾತವೇ ಆಗಿಲ್ಲ ಎಂದು ಮುಂದೆ ಹೋಗಿಬಿಡುವುದು ಇದೇ ಕಾರಣಕ್ಕೆ ಅಪಾಯಕಾರಿ.

ಎರಡನೆಯದು ಎಚ್ಚರಿಕೆಯ ಮಾತು. ಬಾಲ್ಯದ ಅನುಭವಗಳನ್ನು ಎಣಿಸಿ ಅಂಕ ಕೊಡುವ ಪದ್ಧತಿ ಜನಸಮೂಹದ ಮಟ್ಟದ ಅಪಾಯವನ್ನು ಅಂದಾಜಿಸಲು ಹುಟ್ಟಿದ್ದು. ಒಬ್ಬ ವ್ಯಕ್ತಿಯ ಮುಂದಿನ ಆರೋಗ್ಯವನ್ನು ಆ ಅಂಕದಿಂದ ಹೇಳಲು ಬರುವುದಿಲ್ಲ. ಫಾರ್ಮಿನಲ್ಲಿ ಅಂಕ ಬರೆಯುವ ಕಾಲಂ ಇಡದಿದ್ದರೆ ಮಾಜಿ ಸೈನಿಕರು ಹೇಳಿದ ಭಯವೂ ಸ್ವಲ್ಪ ಕಡಿಮೆಯಾಗುತ್ತದೆ.

ಮಾಜಿ ಸೈನಿಕ

ಡಾಕ್ಟರ್ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಬರೆಯಬೇಡಿ ಎಂದರೆ ಬರೆಯುವುದಿಲ್ಲ ಎಂಬ ಮಾತು ಬಾಯಿಮಾತಿನಲ್ಲಿ ಉಳಿಯದೆ ಫಾರ್ಮಿನಲ್ಲಿಯೇ ಮುದ್ರಣವಾಗಿದ್ದರೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ.

ನಾವು ಯಾಕೆ ಹೇಳುವುದಿಲ್ಲ ಎಂಬುದನ್ನೂ ತಿಳಿಸಬೇಕು. ಸೇವೆಯಲ್ಲಿ ಆದದ್ದಕ್ಕೆ ಒಂದು ಗೌರವವಿದೆ, ಕೇಳುವವರು ತಲೆ ಬಾಗಿಸಿ ಕೇಳುತ್ತಾರೆ. ಅಪ್ಪನ ಬೆಲ್ಟಿನ ಹೊಡೆತಕ್ಕೆ ಆ ಗೌರವವಿಲ್ಲ. ಸೇವೆ ಮುಗಿಸಿ ಬಂದ ಮೇಲೆ ನಮ್ಮದೇ ಬೀದಿಯಲ್ಲಿ ಒಬ್ಬ ಹುಡುಗನನ್ನು ನಾಲ್ಕು ಜನ ಹೊಡೆಯುತ್ತಿದ್ದಾಗ ನಾನು ಬಾಗಿಲ ಹಿಂದೆಯೇ ನಿಂತೆ. ಅಷ್ಟು ವರ್ಷ ಸಮವಸ್ತ್ರ ತೊಟ್ಟವನು ಹೊರಗೆ ಹೋಗಲಿಲ್ಲ. ಗುಂಡಿನ ಸದ್ದಿಗಿಂತ ಆ ಹುಡುಗನ ಕೂಗು ನನ್ನ ನಿದ್ದೆಯನ್ನು ಹೆಚ್ಚು ಕೆಡಿಸಿದೆ. ಇದನ್ನು ಯಾವ ವೈದ್ಯರಿಗೂ ಹೇಳಿಲ್ಲ, ಏಕೆಂದರೆ ಇದು ಅವರು ಕೇಳುವ ಯಾವ ಪ್ರಶ್ನೆಗೂ ಉತ್ತರವಲ್ಲ.

ಮನೋವೈದ್ಯೆ

ಸರ್, ಇದನ್ನು ಇಲ್ಲಿ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಮಾಡಬೇಕೆನಿಸಿದ್ದನ್ನು ಮಾಡಲಾಗದೆ ಹೋದ ನೋವು ಭಯದಿಂದ ಹುಟ್ಟುವ ನೋವಿಗಿಂತ ಬೇರೆಯದು. ಜೊನಾಥನ್ ಶೇ ಮತ್ತು ಆಮೇಲೆ ಬ್ರೆಟ್ ಲಿಟ್ಜ್ ಮೊದಲಾದವರು ಸೈನಿಕರ ವಿಷಯದಲ್ಲಿ ಇದನ್ನು ನೈತಿಕ ಗಾಯ ಎಂದು ಕರೆದು ಬರೆದಿದ್ದಾರೆ. ಅದಕ್ಕೆ ಅಪಾಯ ಮುಗಿಯಿತೆಂಬ ಸಮಾಧಾನ ಕೆಲಸ ಮಾಡುವುದಿಲ್ಲ. ತೀರ್ಪು ಕೊಡದ ಒಬ್ಬರ ಎದುರು ಆ ಕ್ಷಣವನ್ನು ಪೂರ್ತಿ ಹೇಳಿ, ಆಗ ನಿಜವಾಗಿ ಯಾವ ಆಯ್ಕೆಗಳಿದ್ದವು ಎಂದು ನೋಡಬೇಕಾಗುತ್ತದೆ. ಅದೇ ಬಗೆಯ ಸೇವೆ ಸಲ್ಲಿಸಿದ ಜೊತೆಗಾರರ ಗುಂಪಿನಲ್ಲಿ ಇದು ವೈದ್ಯರ ಕೋಣೆಗಿಂತ ಸುಲಭವಾಗಿ ಬಾಯಿಗೆ ಬರುತ್ತದೆ ಎಂಬುದು ನನ್ನ ಅನುಭವ.

ಸೈನಿಕರೊಬ್ಬರ ಪತ್ನಿ

ನೆರೆಯವರು ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮವರಿಗೆ ಓದಿ ಹೇಳಿದೆ. ಮೊದಲ ಬಾರಿಗೆ ಸಿಟ್ಟಾಗದೆ ಕೇಳಿಸಿಕೊಂಡರು. ಇನ್ನೊಂದು ವಿಷಯವನ್ನು ಇಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು. ಎದುರುಮನೆಯ ಘಟನೆಯ ನಂತರ ಅವರು ಪಿಸ್ತೂಲನ್ನು ತುಂಬಿಟ್ಟು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಾರೆ. ಅದಕ್ಕೆ ಪರವಾನಗಿ ಇದೆ. ಆದರೂ ನನಗೆ ಹೆದರಿಕೆ.

ಶುಶ್ರೂಷಕಿ

ಇದನ್ನು ಖಂಡಿತ ಕೇಳಬೇಕು ಅಕ್ಕಾ, ಮತ್ತು ನಾವು ಎಲ್ಲರಿಗೂ ಕೇಳಬೇಕಾದ ಪ್ರಶ್ನೆಯೂ ಇದೇ. ಬೀದಿಯ ಹಿಂಸೆಗೆ ಹೆದರಿ ಆಯುಧವನ್ನು ಕೈಗೆಟಕುವಂತೆ ಇಟ್ಟುಕೊಳ್ಳುತ್ತಾರೆ. ಆದರೆ ನಿದ್ದೆಯಿಲ್ಲದ, ಮನಸ್ಸು ಕುಸಿದ ಒಂದು ರಾತ್ರಿ ಅದರಿಂದ ಅವರಿಗೇ ಅಪಾಯ. ಅಮೆರಿಕದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಬಂದೂಕಿನಿಂದಲೇ ಸಾಯುತ್ತಾರೆ. ಸಾಯಬೇಕೆಂಬ ಆ ತೀವ್ರ ಭಾವನೆ ಹಲವರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆ ಹೊತ್ತಿನಲ್ಲಿ ಆಯುಧಕ್ಕೂ ಕೈಗೂ ನಡುವೆ ಒಂದು ಬೀಗವಿದ್ದರೂ ಪ್ರಾಣ ಉಳಿಯಬಹುದು. ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಡಲು ಅವರನ್ನು ಕೇಳಿ. ಆಯುಧ ಕಸಿದುಕೊಳ್ಳುತ್ತಿದ್ದೀರಿ ಎಂಬ ಭಾವನೆ ಬರದ ಹಾಗೆ, ಸೇವೆಯಲ್ಲಿದ್ದಾಗ ಆಯುಧಾಗಾರದ ಶಿಸ್ತು ಹೇಗಿತ್ತು ಎಂಬಲ್ಲಿಂದ ಮಾತು ಶುರು ಮಾಡಿ. ಅವರು ಸಾವಿನ ಮಾತಾಡಿದರೆ, ಅಥವಾ ನಿಮಗೆ ಹಾಗೆ ಅನುಮಾನ ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ನಮ್ಮ ಫಾರ್ಮಿಗೆ ಸೇರಿಸಲು ಕೆಳಗಿನ ಸಾಲುಗಳನ್ನು ಬರೆದು ಮೇಲಧಿಕಾರಿಗಳಿಗೆ ಕೊಡಲಿದ್ದೇನೆ. ತಿದ್ದುಪಡಿ ಇದ್ದರೆ ತಿಳಿಸಿ.

'ಮುಂದಿನ ಪ್ರಶ್ನೆಗಳಿಗೆ ಉತ್ತರಿಸದಿದ್ದರೂ ನಿಮ್ಮ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ನೀವು ಬೇಡವೆಂದರೆ ಉತ್ತರವನ್ನು ದಾಖಲಿಸುವುದಿಲ್ಲ. ಸೇನೆಗೆ ಸೇರುವ ಮುಂಚೆ ಮನೆಯಲ್ಲಿ ಅಥವಾ ಹೊರಗೆ ನಿಮಗೆ ಹಿಂಸೆಯಾಗಿತ್ತೇ, ಹಿಂಸೆಯನ್ನು ಕಂಡಿದ್ದಿರಾ? ಸೇವೆಯಲ್ಲಿದ್ದಾಗ ಜೊತೆಯವರಿಂದ ಅಥವಾ ಮೇಲಿನವರಿಂದ ಹಿಂಸೆಯಾಗಿತ್ತೇ? ಈಗ ನೀವಿರುವ ಜಾಗದಲ್ಲಿ ರಾತ್ರಿ ನೆಮ್ಮದಿಯಾಗಿ ಮಲಗಬಹುದೇ, ಹಗಲು ಹೊರಗೆ ನಡೆದಾಡಬಹುದೇ? ಮನೆಯಲ್ಲಿ ಆಯುಧವಿದ್ದರೆ ಅದನ್ನು ಹೇಗೆ ಇಟ್ಟಿದ್ದೀರಿ?'

ಮಾಜಿ ಸೈನಿಕ

'ಹಿಂಸೆಯಾಗಿತ್ತೇ' ಎಂಬುದರ ಪಕ್ಕದಲ್ಲಿ 'ತಡೆಯಲಾಗದೆ ಹೋದ ಘಟನೆ ಇದೆಯೇ' ಎಂದೂ ಸೇರಿಸಿ ಮೇಡಂ. ಫಾರ್ಮನ್ನು ಕೈಗೆ ಕೊಟ್ಟು ತುಂಬಿ ಎನ್ನಬೇಡಿ, ಬಾಗಿಲು ಕಾಣುವ ಕುರ್ಚಿಯಲ್ಲಿ ಕೂರಿಸಿ ನೀವೇ ಓದಿ ಕೇಳಿ.